‘ಜಾಸ್ತಿ’ ಅಂದರೆ ಯಾರಿಗಿಂತ, ಯಾವುದರಲ್ಲಿ? ಮಾತಿನ ಪ್ರಶ್ನೆಯಿಂದ ಡೇಟಾಬೇಸ್ ಕ್ವೆರಿ ಬರೆಸುವಾಗ ಹೋಲಿಕೆ ಬಿಡಿಸುವುದು ಹೇಗೆ

“ಮಾರಾಟ ವಿಭಾಗದವರಿಗಿಂತ ಜಾಸ್ತಿ ಸಂಬಳ ಯಾರಿಗಿದೆ?”

ಯಾರೋ ಈ ಪ್ರಶ್ನೆ ಟೈಪ್ ಮಾಡುತ್ತಾರೆ. ಸಿಸ್ಟಂ ಅದನ್ನು ಎಸ್‌ಕ್ಯೂಎಲ್‌ಗೆ, ಅಂದರೆ ಡೇಟಾಬೇಸ್‌ಗೆ ಪ್ರಶ್ನೆ (ಕ್ವೆರಿ) ಕೇಳುವ ಭಾಷೆಗೆ ತಿರುಗಿಸಿ, ಓಡಿಸಿ, ಒಂದು ಪಟ್ಟಿ ಕೊಡುತ್ತದೆ. ಎರರ್ ಇಲ್ಲ. ಪಟ್ಟಿಯೂ ನೋಡಲು ನೆಟ್ಟಗಿದೆ. ಕೇಳಿದವರು ಅದನ್ನು ಕಾಪಿ ಮಾಡಿಕೊಂಡು ಮೀಟಿಂಗ್‌ಗೆ ಹೋಗುತ್ತಾರೆ. ಅವರು ಕೇಳಿದ್ದು ಒಂದು, ಕ್ವೆರಿ ಉತ್ತರ ಕೊಟ್ಟಿದ್ದು ಇನ್ನೊಂದಕ್ಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇಂಥ ಸೌಲಭ್ಯ ಕಟ್ಟುವವರು ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದ ತಪ್ಪು ಇದೇ ಅಂತ ನನ್ನ ಅನಿಸಿಕೆ. ಕಾಲಂ ಹೆಸರು ತಪ್ಪಾದರೆ ಡೇಟಾಬೇಸೇ ತಡೆಯುತ್ತದೆ. ಹೋಲಿಕೆ ತಪ್ಪಾದರೆ ಅದು ಸುಮ್ನೆ ಉತ್ತರ ಕೊಟ್ಟುಬಿಡುತ್ತದೆ.

ಆ ಪ್ರಶ್ನೆಯನ್ನೇ ಬಿಡಿಸಿ ನೋಡೋಣ. ಮಾರಾಟ ವಿಭಾಗದಲ್ಲಿ ಮೂರು ಜನ, ಸಂಬಳ ಸಾವಿರಗಳಲ್ಲಿ 30, 42, 60. ಬೇರೆ ವಿಭಾಗಗಳಲ್ಲಿ ನಾಲ್ಕು ಜನ: 35, 45, 58, 65. ಮಾರಾಟದವರಲ್ಲಿ ಒಬ್ಬರಿಗಿಂತಲಾದರೂ ಜಾಸ್ತಿ ಇದ್ದರೆ ಸಾಕು ಅಂತ ತಗೊಂಡರೆ ನಾಲ್ಕೂ ಜನ ಬರುತ್ತಾರೆ. ಸರಾಸರಿಗಿಂತ, ಅಂದರೆ 44ಕ್ಕಿಂತ ಜಾಸ್ತಿ ಅಂತಾದರೆ ಮೂರು ಜನ. ಮಾರಾಟದ ಪ್ರತಿಯೊಬ್ಬರಿಗಿಂತಲೂ ಜಾಸ್ತಿ ಅಂದರೆ 65 ಇರುವವರು ಒಬ್ಬರೇ. ಒಂದೇ ವಾಕ್ಯ, ಮೂರು ಬೇರೆ ಬೇರೆ ಪಟ್ಟಿ, ಮೂರೂ ಸರಿ ಇರಬಹುದು.

ಹೋಲಿಕೆಯಲ್ಲಿ ಭರ್ತಿ ಆಗಬೇಕಾದ ಜಾಗಗಳು

ಯಾವ ಹೋಲಿಕೆಯಾದರೂ ಕ್ವೆರಿ ಆಗಬೇಕಾದರೆ ಕೆಲವು ಜಾಗ ಭರ್ತಿ ಆಗಲೇಬೇಕು: ಯಾರನ್ನು ಹೋಲಿಸುತ್ತಿದ್ದೇವೆ, ಯಾವ ಅಳತೆಯಲ್ಲಿ, ಯಾರ ಜೊತೆ, ಆ ಕಡೆ ಹಲವರಿದ್ದರೆ ಅವರನ್ನೆಲ್ಲ ಹೇಗೆ ಲೆಕ್ಕಕ್ಕೆ ತಗೊಳ್ಳುವುದು, ಯಾವ ದಿಕ್ಕು, ಗಡಿಯ ಸಂಖ್ಯೆ ಒಳಗೋ ಹೊರಗೋ, ಯಾವ ಅವಧಿ. ಮಾತಾಡುವಾಗ ನಾವು ಇದರಲ್ಲಿ ಎರಡೋ ಮೂರೋ ಹೇಳಿ ಉಳಿದಿದ್ದನ್ನು ಕೇಳುವವರಿಗೆ ಬಿಡುತ್ತೇವೆ. ಪಕ್ಕದಲ್ಲಿ ಕೂತ ಸಹೋದ್ಯೋಗಿಗೆ ಅದು ತಿಳಿಯುತ್ತದೆ, ಯಾಕೆಂದರೆ ನಾವು ಯಾಕೆ ಕೇಳುತ್ತಿದ್ದೇವೆ ಅಂತ ಅವರಿಗೆ ಗೊತ್ತು. ಡೇಟಾಬೇಸ್‌ಗೆ ಅದು ಗೊತ್ತಿಲ್ಲ.

ಹಾಗಾಗಿ ಮೊದಲ ಕೆಲಸ, ಭಾಷಾ ಮಾಡೆಲ್ ಹತ್ತಿರ ನೇರವಾಗಿ ಎಸ್‌ಕ್ಯೂಎಲ್ ಬರೆಸುವುದನ್ನು ನಿಲ್ಲಿಸಿ. ಅದಕ್ಕೂ ಮುಂಚೆ ಒಂದು ಫಾರ್ಮ್ ತುಂಬಿಸಿ. ಮೇಲೆ ಹೇಳಿದ ಪ್ರತಿ ಜಾಗಕ್ಕೂ ಒಂದು ಸಾಲು ಇರಲಿ, ಪ್ರತಿ ಸಾಲಿನ ಪಕ್ಕದಲ್ಲಿ ಆ ಉತ್ತರ ಎಲ್ಲಿಂದ ಬಂತು ಅನ್ನುವುದೂ ಇರಲಿ. ಬರುವ ದಾರಿ ಮೂರೇ: ಪ್ರಶ್ನೆಯಲ್ಲೇ ಇತ್ತು, ನಮ್ಮ ಪದಕೋಶದಲ್ಲಿ ಮೊದಲೇ ಬರೆದಿತ್ತು, ಅಥವಾ ಊಹೆ. (ಪದಕೋಶ ಅಂದರೇನು ಅಂತ ಮುಂದೆ ಹೇಳುತ್ತೇನೆ.) ಊಹೆ ಅಂತ ಗುರುತು ಬಿದ್ದ ಸಾಲುಗಳೇ ನಿಮ್ಮ ಕೆಲಸದ ಜಾಗ. ಉಳಿದಿದ್ದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಉದಾಹರಣೆಗೆ “ಕಳೆದ ವರ್ಷಕ್ಕಿಂತ ಈ ವರ್ಷ ಜಾಸ್ತಿ ಮಾರಾಟವಾದ ವಸ್ತುಗಳು ಯಾವುವು” ಅಂತ ಕೇಳಿದರೆ ಫಾರ್ಮ್ ಹೀಗಿರುತ್ತದೆ. ಹೋಲಿಸುವುದು ವಸ್ತುಗಳನ್ನು, ಅದು ಪ್ರಶ್ನೆಯಲ್ಲಿದೆ. ದಿಕ್ಕು ಹೆಚ್ಚು, ಅದೂ ಪ್ರಶ್ನೆಯಲ್ಲಿದೆ. ಅಳತೆ? ಎಷ್ಟು ಬಿಡಿ ಮಾರಾಟವಾಯಿತು ಅನ್ನುವುದೋ, ಎಷ್ಟು ಹಣ ಬಂತು ಅನ್ನುವುದೋ, ಇದು ಊಹೆ. ಅವಧಿ? ಈ ವರ್ಷ ಇನ್ನೂ ಮುಗಿದಿಲ್ಲ. ಕಳೆದ ಇಡೀ ವರ್ಷದ ಜೊತೆ ಹೋಲಿಸಬೇಕೋ, ಕಳೆದ ವರ್ಷ ಇದೇ ತಾರೀಖಿನವರೆಗಿನ ಮಾರಾಟದ ಜೊತೆಯೋ, ಇದೂ ಊಹೆ. ಕಳೆದ ವರ್ಷ ಇರಲೇ ಇಲ್ಲದ ಹೊಸ ವಸ್ತುಗಳನ್ನು ಸೇರಿಸಬೇಕಾ? ಇದನ್ನು ಯಾರೂ ಯೋಚಿಸಿಯೇ ಇರುವುದಿಲ್ಲ. ಎರಡು ವರ್ಷದ ಟೇಬಲ್‌ಗಳನ್ನು ಸಾದಾ ಇನ್ನರ್ ಜಾಯಿನ್‌ನಲ್ಲಿ (ಎರಡೂ ಕಡೆ ಇರುವುದನ್ನು ಮಾತ್ರ ಉಳಿಸುವ ಜೋಡಣೆ) ಸೇರಿಸಿದರೆ ಹೊಸ ವಸ್ತುಗಳು ಸದ್ದಿಲ್ಲದೆ ಉದುರಿಹೋಗುತ್ತವೆ. ಹಾಗೆ ಉದುರುವುದು ಯಾರೂ ಬೇಕೆಂದು ತಗೊಂಡ ನಿರ್ಧಾರ ಅಲ್ಲ, ಅದಕ್ಕೇ ಅದನ್ನು ಫಾರ್ಮ್‌ನಲ್ಲಿ ಕಣ್ಣಿಗೆ ಕಾಣುವ ಹಾಗೆ ಇಡಬೇಕು.

ಎಲ್ಲ ಅರ್ಥಗಳನ್ನೂ ಓಡಿಸಿ ನೋಡಿ, ಆಮೇಲೆ ಕೇಳಿ

ಈ ಬರಹದಲ್ಲಿ ಒಂದೇ ಒಂದು ವಿಷಯ ತಗೊಳ್ಳುವುದಾದರೆ ಇದನ್ನು ತಗೊಳ್ಳಿ.

ಗೊಂದಲ ಇದೆ ಅಂತ ಗೊತ್ತಾದ ಕೂಡಲೇ ಬಳಕೆದಾರರಿಗೆ ಪ್ರಶ್ನೆ ಎಸೆಯಬೇಡಿ. ಪ್ರತಿ ಸಲ “ನಿಮ್ಮ ಅರ್ಥ ಇದಾ ಅದಾ” ಅಂತ ಕೇಳುವ ಸಿಸ್ಟಂ ಅನ್ನು ಜನ ಬೇಗ ಬಿಟ್ಟುಬಿಡುತ್ತಾರೆ. ಬದಲಿಗೆ ಊಹೆ ಇರುವ ಸಾಲುಗಳಿಂದ ಹುಟ್ಟುವ ಎರಡು, ಮೂರು, ನಾಲ್ಕು ಅರ್ಥಗಳಿಗೂ ಕ್ವೆರಿ ಬರೆದು, ಎಲ್ಲವನ್ನೂ ಓಡಿಸಿ, ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎಲ್ಲ ಅರ್ಥಕ್ಕೂ ಅದೇ ಉತ್ತರ ಬಂದರೆ ಕೇಳುವ ಅಗತ್ಯವೇ ಇಲ್ಲ, ಅಲ್ವಾ? ಉತ್ತರ ಕೊಡಿ, ಯಾವ ಅರ್ಥದಲ್ಲಿ ಕೊಟ್ಟಿರಿ ಅಂತ ಕೆಳಗೆ ಒಂದು ಸಾಲು ಹಾಕಿ. ಉತ್ತರಗಳು ಬೇರೆಯಾದರೆ ಮಾತ್ರ ಕೇಳಿ. ಆಗಲೂ ಬರಿಗೈಯಲ್ಲಿ ಕೇಳಬೇಡಿ, ಸಿಕ್ಕ ಫಲಿತಾಂಶವನ್ನೇ ಮುಂದಿಟ್ಟು ಕೇಳಿ: “ಮಾರಾಟ ವಿಭಾಗದ ಸರಾಸರಿಗಿಂತ ಜಾಸ್ತಿ ಇರುವವರು 3 ಜನ, ಆ ವಿಭಾಗದ ಎಲ್ಲರಿಗಿಂತ ಜಾಸ್ತಿ ಇರುವವರು 1. ಯಾವುದು ಬೇಕು?” ಇದನ್ನು ಓದಿದವರಿಗೆ ತಮ್ಮ ಪ್ರಶ್ನೆಯಲ್ಲಿ ಎಲ್ಲಿ ಗೊಂದಲ ಇತ್ತು ಅಂತ ಹೊಳೆಯುತ್ತದೆ. “ಹೋಲಿಕೆಯ ವಿಧಾನ ಆರಿಸಿ” ಅಂತ ಕೇಳಿದರೆ ಏನೂ ಹೊಳೆಯುವುದಿಲ್ಲ.

ದೊಡ್ಡ ಟೇಬಲ್ ಇದ್ದರೆ ನಾಲ್ಕು ಸಲ ಓಡಿಸುವುದು ದುಬಾರಿ ಆಗಬಹುದು. ಆಗ ನಾಲ್ಕು ಬೇರೆ ಕ್ವೆರಿ ಬೇಡ. ಮಾರಾಟ ವಿಭಾಗದ ಕನಿಷ್ಠ, ಸರಾಸರಿ, ಗರಿಷ್ಠ ಮೂರನ್ನೂ ಒಮ್ಮೆ ಲೆಕ್ಕ ಹಾಕಿ, ಪ್ರತಿ ಸಾಲಿಗೂ ಯಾವುದನ್ನು ದಾಟಿದೆ ಅಂತ ಕೇಸ್ (ಎಸ್‌ಕ್ಯೂಎಲ್‌ನ ‘ಹೀಗಿದ್ದರೆ ಹೀಗೆ’ ಶರತ್ತು) ಬಳಸಿ ಗುರುತು ಹಾಕಿ, ಕೊನೆಗೆ ಎಣಿಸಿ. ನಾಲ್ಕು ಸಲದ ಕೆಲಸ ಒಂದೇ ಕ್ವೆರಿಯಲ್ಲಿ ಮುಗಿಯುತ್ತದೆ. ಸ್ಯಾಂಪಲ್ ತಗೊಂಡು ಹೋಲಿಸುವ ಆಸೆ ಬರುತ್ತದೆ, ಆದರೆ ಹುಷಾರಾಗಿರಿ. ಅರ್ಥಗಳು ಬೇರೆಯಾಗುವುದು ಹೆಚ್ಚಾಗಿ ಅಂಚಿನ ಕೆಲವೇ ಸಾಲುಗಳಲ್ಲಿ, ಸ್ಯಾಂಪಲ್‌ನಲ್ಲಿ ಅವೇ ತಪ್ಪಿಹೋಗುತ್ತವೆ.

ಇದಕ್ಕೆ ಒಂದು ಮುಖ್ಯ ವಿನಾಯಿತಿ ಇದೆ. ಪ್ರಶ್ನೆಯನ್ನು ಸೇವ್ ಮಾಡಿ ದಿನಾ ಓಡಿಸುವ ರಿಪೋರ್ಟ್ ಮಾಡುತ್ತಿದ್ದರೆ, ಅಥವಾ ಅಲರ್ಟ್ ಇಡುತ್ತಿದ್ದರೆ, ಇವತ್ತು ಎಲ್ಲ ಅರ್ಥಕ್ಕೂ ಒಂದೇ ಉತ್ತರ ಬಂದರೂ ಕೇಳಲೇಬೇಕು. ಇವತ್ತಿನ ಡೇಟಾದಲ್ಲಿ ಒಂದೇ ಆಗಿರುವುದು ಮುಂದಿನ ತಿಂಗಳು ಬೇರೆಯಾಗುತ್ತದೆ, ಆಗ ಅಲ್ಲಿ ಕೇಳಲು ಯಾರೂ ಕೂತಿರುವುದಿಲ್ಲ. ಇನ್ನೊಂದು ಮಾತು: ಆಯ್ಕೆಗಳ ಜೊತೆ ತೋರಿಸುವ ಸಂಖ್ಯೆ, ಹೆಸರುಗಳು ಕೇಳುತ್ತಿರುವವರಿಗೆ ನೋಡಲು ಅನುಮತಿ ಇರುವ ಸಾಲುಗಳಿಂದ ಮಾತ್ರ ಬರಬೇಕು. ಸ್ಪಷ್ಟೀಕರಣ ಕೇಳುವ ನೆಪದಲ್ಲಿ ಬೇರೆಯವರ ಸಂಬಳ ಹೊರಬೀಳಬಾರದು.

ಆ ಕಡೆ ಹಲವರಿದ್ದಾಗ

ಒಬ್ಬರಿಗಿಂತಲಾದರೂ, ಎಲ್ಲರಿಗಿಂತ, ಸರಾಸರಿಗಿಂತ. ಎಸ್‌ಕ್ಯೂಎಲ್‌ನಲ್ಲಿ ಮೊದಲ ಎರಡಕ್ಕೆ ಎನಿ, ಆಲ್ ಅಂತ ಪದಗಳೇ ಇವೆ. ಅವನ್ನು ಬಳಸುವ ಮುಂಚೆ ನಲ್ ಬಗ್ಗೆ ತಿಳಿದಿರಬೇಕು. ಮೇಲಿನ ಉದಾಹರಣೆಗೆ ಮಾರಾಟ ವಿಭಾಗದಲ್ಲಿ ನಾಲ್ಕನೆಯವರನ್ನು ಸೇರಿಸಿ, ಅವರ ಸಂಬಳ ಇನ್ನೂ ನಮೂದಾಗಿಲ್ಲ, ಅಂದರೆ ನಲ್. ಈಗ ‘> ಆಲ್’ (ಎಲ್ಲರಿಗಿಂತ ಜಾಸ್ತಿ) ಅಂತ ಬರೆದರೆ 65 ಇರುವವರೂ ಬರುವುದಿಲ್ಲ! 65 ಉಳಿದ ಮೂರಕ್ಕಿಂತ ಜಾಸ್ತಿ ಹೌದು, ಆದರೆ ನಲ್‌ಗಿಂತ ಜಾಸ್ತಿಯಾ ಅಂದರೆ ಡೇಟಾಬೇಸ್ ‘ಗೊತ್ತಿಲ್ಲ’ ಅನ್ನುತ್ತದೆ. ಒಂದು ‘ಗೊತ್ತಿಲ್ಲ’ ಸೇರಿದರೆ ಇಡೀ ಶರತ್ತೇ ‘ಗೊತ್ತಿಲ್ಲ’ ಆಗುತ್ತದೆ, ಸಾಲು ಉದುರುತ್ತದೆ. ಅದೇ ಪ್ರಶ್ನೆಯನ್ನು ಮಾರಾಟ ವಿಭಾಗದ ಮ್ಯಾಕ್ಸ್‌ಗಿಂತ (ಗರಿಷ್ಠಕ್ಕಿಂತ) ಜಾಸ್ತಿ ಅಂತ ಬರೆದರೆ, ಮ್ಯಾಕ್ಸ್ ನಲ್ ಅನ್ನು ಲೆಕ್ಕಕ್ಕೇ ತಗೊಳ್ಳದ ಕಾರಣ 65 ಇರುವವರು ಬರುತ್ತಾರೆ.

ಮಾರಾಟ ವಿಭಾಗದಲ್ಲಿ ಯಾರೂ ಇಲ್ಲದಿದ್ದರೆ ಇದು ತಿರುಗಿಬೀಳುತ್ತದೆ. ಖಾಲಿ ಪಟ್ಟಿಯ ಎಲ್ಲರಿಗಿಂತ ಜಾಸ್ತಿ ಅನ್ನುವುದು ತರ್ಕದ ಪ್ರಕಾರ ಯಾವಾಗಲೂ ನಿಜ, ಹಾಗಾಗಿ ‘> ಆಲ್’ ಬರೆದರೆ ಕಂಪನಿಯ ಎಲ್ಲರೂ ಬರುತ್ತಾರೆ. ಮ್ಯಾಕ್ಸ್ ಬರೆದರೆ ಅದು ನಲ್ ಕೊಡುತ್ತದೆ, ಯಾರೂ ಬರುವುದಿಲ್ಲ. ಕೇಳಿದವರಿಗೆ ಈ ಎರಡೂ ಉಪಯೋಗವಿಲ್ಲ. ಅವರಿಗೆ ಬೇಕಾಗಿದ್ದು “ಆ ವಿಭಾಗದಲ್ಲಿ ಯಾರೂ ಇಲ್ಲ” ಅನ್ನುವ ಮಾತು. ನನ್ನ ಸಲಹೆ ಇಷ್ಟು: ಮ್ಯಾಕ್ಸ್, ಮಿನ್ ರೂಪದಲ್ಲೇ ಬರೆಸಿ, ಆ ಕಡೆಯ ಪಟ್ಟಿ ಖಾಲಿಯಾ ಅಂತ ಮೊದಲೇ ನೋಡಿ, ಎಷ್ಟು ನಲ್ ಇತ್ತು ಅನ್ನುವುದನ್ನು ಉತ್ತರದ ಜೊತೆ ಹೇಳಿ.

ನಾಲ್ಕನೆಯ ಅರ್ಥವೂ ಒಂದಿದೆ, ಅದನ್ನು ಮಾಡೆಲ್‌ಗಳು ಸುಲಭವಾಗಿ ತಪ್ಪಿಸಿಕೊಳ್ಳುತ್ತವೆ. “ಮ್ಯಾನೇಜರ್‌ಗಿಂತ ಜಾಸ್ತಿ ಸಂಬಳ ಇರುವ ಉದ್ಯೋಗಿಗಳು” ಅಂತ ಕೇಳಿದವರ ಮನಸ್ಸಲ್ಲಿ ಎಲ್ಲ ಮ್ಯಾನೇಜರ್‌ಗಳೂ ಇಲ್ಲ, ಸರಾಸರಿ ಮ್ಯಾನೇಜರೂ ಇಲ್ಲ. ಪ್ರತಿಯೊಬ್ಬರನ್ನೂ ಅವರವರ ಮ್ಯಾನೇಜರ್ ಜೊತೆ ಹೋಲಿಸಬೇಕು. ಇದಕ್ಕೆ ಉದ್ಯೋಗಿ ಟೇಬಲ್ ಅನ್ನು ಅದರ ಜೊತೆಗೇ ಜಾಯಿನ್ ಮಾಡಬೇಕಾಗುತ್ತದೆ. ಸುಳಿವು ಸಿಗುವುದು ವಾಕ್ಯದಲ್ಲಲ್ಲ, ಸ್ಕೀಮಾದಲ್ಲಿ, ಅಂದರೆ ಟೇಬಲ್‌ಗಳ ರಚನೆಯಲ್ಲಿ: ಉದ್ಯೋಗಿ ಟೇಬಲ್‌ನಲ್ಲಿ ಮ್ಯಾನೇಜರ್ ಐಡಿ ಅಂತ ಒಂದು ಫಾರಿನ್ ಕೀ (ಸಂಬಂಧಪಟ್ಟ ಇನ್ನೊಂದು ಸಾಲನ್ನು ತೋರಿಸುವ ಕಾಲಂ) ಇದೆ. ಹೋಲಿಕೆಯ ಎರಡು ಬದಿಗಳ ನಡುವೆ ನೇರ ಫಾರಿನ್ ಕೀ ಇದ್ದರೆ ‘ಅವರವರ’ ಅನ್ನುವ ಅರ್ಥವನ್ನು ಮೊದಲ ಆಯ್ಕೆಯಾಗಿ ಇಡಿ. ಈ ನಿಯಮ ತುಂಬ ಕಡೆ ಕೆಲಸ ಮಾಡುತ್ತದೆ: ವಿದ್ಯಾರ್ಥಿ ಮತ್ತು ತರಗತಿ, ಆರ್ಡರ್ ಮತ್ತು ಗ್ರಾಹಕ, ಶಾಖೆ ಮತ್ತು ವಲಯ. “ವಲಯಕ್ಕಿಂತ ಜಾಸ್ತಿ ಬೆಳೆದ ಶಾಖೆಗಳು” ಅಂದರೆ ತನ್ನ ವಲಯಕ್ಕಿಂತ ಅಂತಲೇ.

ಯಾವ ಅಳತೆ

ಬೆಳವಣಿಗೆಯ ಪ್ರಶ್ನೆ ಬಂದಾಗಲೆಲ್ಲ ಎರಡು ಅರ್ಥ ಹೊರಡುತ್ತದೆ. ಒಂದು ವಸ್ತು 10ರಿಂದ 20ಕ್ಕೆ ಏರಿದೆ, ಇನ್ನೊಂದು 1000ದಿಂದ 1100ಕ್ಕೆ. “ಅತಿ ಹೆಚ್ಚು ಬೆಳೆದದ್ದು ಯಾವುದು” ಅಂದರೆ ಶೇಕಡಾ ಲೆಕ್ಕದಲ್ಲಿ ಮೊದಲನೆಯದು 100, ಎರಡನೆಯದು ಬರೀ 10. ಸಂಖ್ಯೆಯ ಲೆಕ್ಕದಲ್ಲಿ ಎರಡನೆಯದು 100 ಏರಿದೆ, ಮೊದಲನೆಯದು 10. ಇಂಥ ಕಡೆ ಒಂದನ್ನು ಡೀಫಾಲ್ಟ್ ಮಾಡಿ ಕೂರುವುದಕ್ಕಿಂತ ಎರಡೂ ಕಾಲಂ ತೋರಿಸಿಬಿಡುವುದು ಒಳ್ಳೆಯದು. ಅಳತೆಯೇ ಶೇಕಡಾದಲ್ಲಿ ಇದ್ದರೆ ಇನ್ನೊಂದು ಸುತ್ತು ಗೊಂದಲ: 4 ಪ್ರತಿಶತದಿಂದ 6ಕ್ಕೆ ಹೋದರೆ ಏರಿದ್ದು 2 ಅಂಶ, ಆದರೆ ಮೊದಲಿಗಿಂತ 50 ಪ್ರತಿಶತ ಜಾಸ್ತಿ.

“ಜಾಸ್ತಿ ದೂರು ಬಂದ ವಿಭಾಗ” ಇನ್ನೂ ಸೂಕ್ಷ್ಮ. ದೊಡ್ಡ ವಿಭಾಗಕ್ಕೆ ದೂರು ಜಾಸ್ತಿ ಬರುವುದು ಸಹಜ. 1000 ಕೇಸ್ ನೋಡಿ 40 ದೂರು ಬಂದ ವಿಭಾಗವನ್ನೂ 100 ಕೇಸ್ ನೋಡಿ 20 ದೂರು ಬಂದ ವಿಭಾಗವನ್ನೂ ಬರೀ ಎಣಿಕೆಯಲ್ಲಿ ಹೋಲಿಸಿದರೆ ಒಂದು ಕಡೆಯವರಿಗೆ ಅನ್ಯಾಯ ಆಗುತ್ತದೆ. ಕೇಳಿದ್ದು ಎಣಿಕೆ ಅಂತಲೇ ಇರಬಹುದು, ಆದರೂ ಅನುಪಾತದ ಪ್ರಕಾರ ಉತ್ತರ ಬೇರೆ ಆಗುತ್ತದೆ ಅನ್ನುವ ಒಂದು ಸಾಲು ಸೇರಿಸುವುದು ನಮ್ಮ ಕರ್ತವ್ಯ ಅಂತ ನಾನು ನಂಬುತ್ತೇನೆ. ಇಂಥ ಪಟ್ಟಿ ನೋಡಿ ಜನರ ಬಗ್ಗೆ ತೀರ್ಮಾನ ತಗೊಳ್ಳುತ್ತಾರೆ.

ದಿಕ್ಕಿನ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ರ‍್ಯಾಂಕ್‌ನಲ್ಲಿ 1 ಅಂದರೆ ಒಳ್ಳೆಯದು, ಓಟದ ಸಮಯ ಕಡಿಮೆ ಇದ್ದರೆ ಒಳ್ಳೆಯದು, ಅಂಕ ಜಾಸ್ತಿ ಇದ್ದರೆ ಒಳ್ಳೆಯದು. ಪ್ರತಿ ಅಳತೆಯ ಕಾಲಂಗೂ ಯಾವ ಕಡೆ ಒಳ್ಳೆಯದು ಅಂತ ಸ್ಕೀಮಾ ವಿವರಣೆಯಲ್ಲಿ ಬರೆದಿಡಿ, ಮುಗಿಯಿತು. ಹಾಗೇ ಕಾಲಂ ಟೆಕ್ಸ್ಟ್ ಆಗಿದೆಯಾ ಸಂಖ್ಯೆಯಾ ನೋಡಿ. ಟೆಕ್ಸ್ಟ್ ಆಗಿದ್ದರೆ 100 ಅನ್ನುವುದು 9ಕ್ಕಿಂತ ಚಿಕ್ಕದು ಅಂತ ಬರುತ್ತದೆ, ಯಾಕೆಂದರೆ ಹೋಲಿಕೆ ಅಕ್ಷರಗಳ ಪ್ರಕಾರ ನಡೆಯುತ್ತದೆ.

ಗಡಿ ಮತ್ತು ತಾರೀಖು

“50ರ ಮೇಲೆ” ಅಂದರೆ 50 ಸೇರುತ್ತದೋ ಇಲ್ಲವೋ? “50ಕ್ಕಿಂತ ಜಾಸ್ತಿ” ಅಂದರೆ ಸೇರುವುದಿಲ್ಲ, “50ಕ್ಕಿಂತ ಕಡಿಮೆ ಇಲ್ಲದ”, “ಕನಿಷ್ಠ 50” ಅಂದರೆ ಸೇರುತ್ತದೆ, ಇವು ಸ್ಪಷ್ಟ. “ಮೇಲೆ”, “ಒಳಗೆ”, “ವರೆಗೆ”, “ನಡುವೆ” ಇವೆಲ್ಲ ಜಾರುವ ಪದಗಳು. ಎಸ್‌ಕ್ಯೂಎಲ್‌ನ ಬಿಟ್ವೀನ್ ಎರಡೂ ತುದಿಯನ್ನು ಸೇರಿಸಿಕೊಳ್ಳುತ್ತದೆ, ಮಾಡೆಲ್ “ನಡುವೆ” ನೋಡಿದ ಕೂಡಲೇ ಅದನ್ನೇ ಬಳಸುತ್ತದೆ. ಇಲ್ಲಿ ಮೊದಲು ನೋಡಬೇಕಾದದ್ದು ಗಡಿಯ ಮೇಲೆ ಸರಿಯಾಗಿ ಕೂತ ಸಾಲು ಡೇಟಾದಲ್ಲಿ ಇದೆಯಾ ಅಂತ. ಇಲ್ಲದಿದ್ದರೆ ಚರ್ಚೆಯೇ ಬೇಡ.

ತಾರೀಖಿನಲ್ಲಿ ಇದು ಜೋರಾಗಿ ಕಚ್ಚುತ್ತದೆ. “2020ರ ನಂತರ ಸೇರಿದವರು” ಅಂದರೆ 2021 ಜನವರಿ 1ರಿಂದ ಅಂತ ಒಬ್ಬರು, 2020 ಜನವರಿಯಿಂದ ಈಚೆಗೆ ಅಂತ ಇನ್ನೊಬ್ಬರು ಅಂದುಕೊಳ್ಳುತ್ತಾರೆ. ನಡುವೆ ಇಡೀ ಒಂದು ವರ್ಷದ ಜನ ಇದ್ದಾರೆ. ಇನ್ನು “ಮಾರ್ಚ್ 1ರಿಂದ 31ರವರೆಗೆ” ಅಂತ ಕೇಳಿದಾಗ ಕಾಲಂನಲ್ಲಿ ತಾರೀಖಿನ ಜೊತೆ ಗಂಟೆ ನಿಮಿಷವೂ ಇದ್ದರೆ, ಬಿಟ್ವೀನ್‌ನ ಕೊನೆಯ ತುದಿ 31ರ ಮಧ್ಯರಾತ್ರಿ 0 ಗಂಟೆಗೇ ನಿಂತುಬಿಡುತ್ತದೆ, 31ರ ಇಡೀ ದಿನದ ವ್ಯವಹಾರ ಹೋಗುತ್ತದೆ. ಯಾವಾಗಲೂ ಮಾರ್ಚ್ 1 ಸೇರಿ, ಏಪ್ರಿಲ್ 1ಕ್ಕಿಂತ ಮುಂಚೆ ಅಂತ ಬರೆಸಿ. ಇದರಲ್ಲಿ ಆಯ್ಕೆ ಕೊಡುವ ಅಗತ್ಯ ಇಲ್ಲ, ಇದು ಬರೀ ಸರಿಯಾದ ರೀತಿ.

ಅತಿ ಹೆಚ್ಚು, ಎರಡನೇ ಅತಿ ಹೆಚ್ಚು

“ಅತಿ ಹೆಚ್ಚು ಅಂಕ ಯಾರಿಗೆ” ಅಂದಾಗ ದೊಡ್ಡದರಿಂದ ಚಿಕ್ಕದಕ್ಕೆ ಆರ್ಡರ್ ಬೈ (ಜೋಡಣೆ) ಹಾಕಿ ಲಿಮಿಟ್ 1 (ಮೊದಲ ಸಾಲು ಮಾತ್ರ) ಅನ್ನುವುದು ಸುಲಭದ ದಾರಿ. ಇಬ್ಬರಿಗೆ ಸಮ ಅಂಕ ಬಂದಿದ್ದರೆ ಒಬ್ಬರ ಹೆಸರು ಕಾಣೆಯಾಗುತ್ತದೆ, ಯಾರದ್ದು ಅನ್ನುವುದಕ್ಕೂ ಖಾತ್ರಿ ಇಲ್ಲ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಿ ಇನ್ನೊಂದು ತೊಂದರೆ ಇದೆ: ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದಾಗ ನಲ್‌ಗಳು ಮೊದಲು ಬರುತ್ತವೆ. ಅಂದರೆ ಪರೀಕ್ಷೆಯನ್ನೇ ಬರೆಯದವರು ಮೊದಲ ಸ್ಥಾನದಲ್ಲಿ! ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಲೈಟ್‌ನಲ್ಲಿ ಅವು ಕೊನೆಗೆ ಹೋಗುತ್ತವೆ. ಒಂದರಲ್ಲಿ ಟೆಸ್ಟ್ ಮಾಡಿ ಇನ್ನೊಂದರಲ್ಲಿ ಓಡಿಸುವವರು ಇದನ್ನು ಗಮನದಲ್ಲಿಡಿ. ಸಮ ಬಂದವರನ್ನೆಲ್ಲ ತರುವ ‘ವಿತ್ ಟೈಸ್’ ಸೌಲಭ್ಯ ಪೋಸ್ಟ್‌ಗ್ರೆಸ್‌ಗೆ 2020ರಲ್ಲಿ, 13ನೇ ಆವೃತ್ತಿಯಲ್ಲಿ ಬಂತು. ಇಲ್ಲದ ಕಡೆ ಮ್ಯಾಕ್ಸ್‌ಗೆ ಸಮ ಇರುವವರು ಅಂತ ಬರೆಸಿದರೆ ಆಯಿತು.

ಎರಡನೇ ಸ್ಥಾನ ಕೇಳಿದರೆ ಅರ್ಥ ಮೂರಾಗುತ್ತದೆ. ಅಂಕಗಳು 90, 90, 80 ಅಂತಿಟ್ಟುಕೊಳ್ಳಿ. ಸ್ಥಾನ ಕೊಡಲು ಎಸ್‌ಕ್ಯೂಎಲ್‌ನಲ್ಲಿ ಬೇರೆ ಬೇರೆ ಫಂಕ್ಷನ್‌ಗಳಿವೆ. ರೋ ನಂಬರ್ ಪ್ರಕಾರ ಎರಡನೆಯವರು 90ರವರಲ್ಲೇ ಒಬ್ಬರು. ಡೆನ್ಸ್ ರ‍್ಯಾಂಕ್ ಪ್ರಕಾರ 80. ರ‍್ಯಾಂಕ್ ಪ್ರಕಾರ 1, 1, 3, ಎರಡನೆಯವರೇ ಇಲ್ಲ. “ಎರಡನೇ ಅತಿ ಹೆಚ್ಚು ಅಂಕ ಎಷ್ಟು” ಅಂತ ಅಂಕವನ್ನು ಕೇಳಿದರೆ ಡೆನ್ಸ್ ರ‍್ಯಾಂಕ್ ಸರಿ. “ಎರಡನೇ ಬಹುಮಾನ ಯಾರಿಗೆ” ಅಂತ ಜನರನ್ನು ಕೇಳಿದರೆ ಅದು ಆ ಸಂಸ್ಥೆಯ ನಿಯಮ, ಊಹಿಸಬೇಡಿ.

ಫಿಲ್ಟರ್ ಮೊದಲೋ, ಅತಿ ಹೆಚ್ಚು ಮೊದಲೋ ಅನ್ನುವುದೂ ಇದೇ ಜಾತಿಯದು. “ಅತಿ ಹೆಚ್ಚು ಸಂಬಳದ 10 ಜನರಲ್ಲಿ ಎಂಜಿನಿಯರ್‌ಗಳು” ಅಂದರೆ ಮೊದಲು 10 ಜನ, ಅದರಲ್ಲಿ ಎಂಜಿನಿಯರ್‌ಗಳು ಎಷ್ಟಿದ್ದರೆ ಅಷ್ಟು. “ಅತಿ ಹೆಚ್ಚು ಸಂಬಳದ 10 ಎಂಜಿನಿಯರ್‌ಗಳು” ಅಂದರೆ ಎಂಜಿನಿಯರ್‌ಗಳನ್ನು ಮಾತ್ರ ಜೋಡಿಸಿ ಮೇಲಿನ 10. ಬರೆದಾಗ ವ್ಯತ್ಯಾಸ ಕಾಣುತ್ತದೆ. ಆದರೆ ಜನ ಮೊದಲು ಒಂದು ಪ್ರಶ್ನೆ ಕೇಳಿ, ಆಮೇಲೆ “ಅದರಲ್ಲಿ ಎಂಜಿನಿಯರ್‌ಗಳು ಮಾತ್ರ” ಅಂತ ಮುಂದುವರಿಸುತ್ತಾರಲ್ಲ, ಆಗ ಎರಡೂ ಅರ್ಥ ಸಾಧ್ಯ. ಅಲ್ಲಿ ಎರಡನ್ನೂ ಓಡಿಸಿ ನೋಡುವ ಉಪಾಯ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

‘ದೊಡ್ಡ’, ‘ಹಳೇ’, ‘ಇತ್ತೀಚಿನ’: ಪದಕೋಶ ಬೇಕೇ ಬೇಕು

ಕೆಲವು ಪ್ರಶ್ನೆಗಳಲ್ಲಿ ಎರಡನೇ ಬದಿಯೇ ಇರುವುದಿಲ್ಲ. “ದೊಡ್ಡ ಗ್ರಾಹಕರನ್ನು ತೋರಿಸು.” ಯಾವುದಕ್ಕಿಂತ ದೊಡ್ಡ? ಈ ತೊಂದರೆ ಈ ಕ್ಷೇತ್ರದಷ್ಟೇ ಹಳೆಯದು. ಅಪೊಲೊ 11 ತಂದ ಚಂದ್ರನ ಕಲ್ಲುಗಳ ಮಾಹಿತಿಯನ್ನು ಮಾತಿನಲ್ಲಿ ಕೇಳಲು ವಿಲಿಯಂ ವುಡ್ಸ್ ಮತ್ತು ಸಂಗಡಿಗರು ಕಟ್ಟಿದ ಲೂನಾರ್ ಸಿಸ್ಟಂ ಅನ್ನು 1971ರಲ್ಲಿ ಭೂವಿಜ್ಞಾನಿಗಳ ಮುಂದೆ ಓಡಿಸಿ ತೋರಿಸಿದರು. ಆ ಸಿಸ್ಟಂ ಬಗ್ಗೆ ಬರೆಯುವವರು ಹೆಚ್ಚಾಗಿ ಕೊಡುವ ಉದಾಹರಣೆ, ಕ್ಷಾರ ಹೆಚ್ಚಿರುವ ಕಲ್ಲುಗಳಲ್ಲಿ ಅಲ್ಯೂಮಿನಿಯಂ ಸರಾಸರಿ ಎಷ್ಟು ಅನ್ನುವ ಪ್ರಶ್ನೆ. ಎಷ್ಟಿದ್ದರೆ ‘ಹೆಚ್ಚು’ ಅಂತ ಪ್ರಶ್ನೆಯಲ್ಲಿ ಇಲ್ಲ. ಅದು ಮೊದಲೇ ಒಪ್ಪಿಕೊಂಡಿರಬೇಕಾದ ವಿಷಯ.

1996ರ ಜಿಯೋಕ್ವೆರಿ ಇದನ್ನು ಹೇಗೆ ಮಾಡಿತ್ತು ಅಂತ ನೋಡುವುದು ಇವತ್ತಿಗೂ ಉಪಯುಕ್ತ. ಅಮೆರಿಕದ ಭೂಗೋಳದ ಬಗ್ಗೆ, ಆಮೇಲೆ 880 ಪ್ರಶ್ನೆಗಳಿಗೆ ಬೆಳೆದ ಸಂಗ್ರಹ ಅದು. ಅಲ್ಲಿ ‘ಪ್ರಮುಖ ನಗರ’ ಅಂದರೆ 1,50,000ಕ್ಕಿಂತ ಜಾಸ್ತಿ ಜನಸಂಖ್ಯೆ ಇರುವುದು, ‘ಪ್ರಮುಖ ನದಿ’ ಅಂದರೆ 750 ಕಿಲೋಮೀಟರ್‌ಗಿಂತ ಉದ್ದ ಇರುವುದು. ‘ದೊಡ್ಡ’ ಅನ್ನುವುದು ರಾಜ್ಯಕ್ಕಾದರೆ ವಿಸ್ತೀರ್ಣ, ನಗರಕ್ಕಾದರೆ ಜನಸಂಖ್ಯೆ, ನದಿಗಾದರೆ ಉದ್ದ. ಈ ಸಂಖ್ಯೆಗಳನ್ನು ನೀವು ಒಪ್ಪದೇ ಇರಬಹುದು, ಆದರೆ ಅವು ಒಂದು ಕಡೆ ಬರೆದಿವೆ, ಯಾರು ಬೇಕಾದರೂ ಓದಬಹುದು, ಬದಲಾಯಿಸಬಹುದು. ನಾನು ಪದಕೋಶ ಅನ್ನುತ್ತಿರುವುದು ಇದನ್ನೇ: ಪ್ರತಿ ಟೇಬಲ್‌ಗೂ ಯಾವ ವಿಶೇಷಣಕ್ಕೆ ಯಾವ ಕಾಲಂ, ಎಷ್ಟರಿಂದ ಶುರು, ಯಾರ ಜೊತೆ ಹೋಲಿಸಿ. ಮಿತಿಯನ್ನು ಮಾಡೆಲ್ ನಿರ್ಧರಿಸಬಾರದು. ಆ ಡೇಟಾ ಬಳಸುವ ಜನ ನಿರ್ಧರಿಸಬೇಕು. 2023ರ ಬರ್ಡ್ ಅನ್ನುವ ಪರೀಕ್ಷಾ ಪ್ರಶ್ನೆಗಳ ಸಂಗ್ರಹದಲ್ಲಿ ಪ್ರಶ್ನೆಯ ಜೊತೆ ಇಂಥ ಹಿನ್ನೆಲೆ ವಿವರವನ್ನೂ ಕೊಟ್ಟಿರುವುದು ಇದೇ ಕಾರಣಕ್ಕೆ. ಸ್ಕೀಮಾ ಒಂದನ್ನೇ ನೋಡಿ ಅದನ್ನು ತಿಳಿಯಲು ಆಗುವುದಿಲ್ಲ.

ಪದಕೋಶದಲ್ಲಿ ಇಲ್ಲದ ವಿಶೇಷಣ ಬಂದರೆ ಮಿತಿ ಹಾಕಬೇಡಿ, ಜೋಡಿಸಿ ಕೊಡಿ. “ದೊಡ್ಡ ಗ್ರಾಹಕರು” ಅಂದರೆ ಖರೀದಿಯ ಮೊತ್ತದ ಪ್ರಕಾರ ದೊಡ್ಡವರಿಂದ ಚಿಕ್ಕವರಿಗೆ ಪಟ್ಟಿ. ಎಲ್ಲಿ ಗೆರೆ ಎಳೆಯಬೇಕು ಅಂತ ನೋಡುವವರ ಕಣ್ಣಿಗೇ ಕಾಣುತ್ತದೆ. ಸುಮ್ನೆ ಒಂದು ಸಂಖ್ಯೆ ಊಹಿಸಿ ಕತ್ತರಿಸುವುದಕ್ಕಿಂತ ಇದು ಪ್ರಾಮಾಣಿಕ.

ಕೇಳುವುದು, ಹೇಳುವುದು, ನೆನಪಿಡುವುದು

ಒಂದು ಪ್ರಶ್ನೆಗೆ ಒಂದೇ ಸ್ಪಷ್ಟೀಕರಣ ಕೇಳಿ. ಮೂರು ಜಾಗದಲ್ಲಿ ಊಹೆ ಇದ್ದರೆ ಯಾವುದು ಬದಲಾದರೆ ಉತ್ತರ ಅತಿ ಹೆಚ್ಚು ಬದಲಾಗುತ್ತದೋ ಅದನ್ನು ಕೇಳಿ, ಉಳಿದ ಎರಡಕ್ಕೆ ಡೀಫಾಲ್ಟ್ ಇಟ್ಟು ಉತ್ತರದ ಕೆಳಗೆ ಹೇಳಿ. ಆಯ್ಕೆಗಳು ಕೇಳಿದವರ ಭಾಷೆಯಲ್ಲಿರಲಿ. ಎನಿ, ಆಲ್, ಜಾಯಿನ್ ಅನ್ನುವ ಪದಗಳು ಅಲ್ಲಿ ಕಾಣಬಾರದು.

ಉತ್ತರದ ಜೊತೆ ಹಾಕುವ ವಿವರಣೆಯನ್ನು ಮೂಲ ಪ್ರಶ್ನೆಯಿಂದ ಬರೆಸಬೇಡಿ, ಓಡಿದ ಕ್ವೆರಿಯಿಂದ ಬರೆಸಿ. ಇದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಬಹಳ ಮುಖ್ಯ. ಪ್ರಶ್ನೆಯಿಂದ ಬರೆಸಿದರೆ ಮಾಡೆಲ್ ಅದೇ ಗೊಂದಲದ ವಾಕ್ಯವನ್ನು ಇನ್ನಷ್ಟು ಚೆಂದ ಮಾಡಿ ತಿರುಗಿ ಹೇಳುತ್ತದೆ. ಕ್ವೆರಿಯಿಂದ ಬರೆಸಿದರೆ “ಮಾರಾಟ ವಿಭಾಗದ ಸರಾಸರಿ ಸಂಬಳ 44 ಸಾವಿರ. ಅದಕ್ಕಿಂತ ಜಾಸ್ತಿ ಇರುವ, ಬೇರೆ ವಿಭಾಗದ 3 ಜನ. ಸಂಬಳ ನಮೂದಾಗದ ಒಬ್ಬರನ್ನು ಲೆಕ್ಕಕ್ಕೆ ತಗೊಂಡಿಲ್ಲ” ಅಂತ ಬರುತ್ತದೆ. ತಪ್ಪಿದ್ದರೆ ಓದಿದವರು ಹಿಡಿಯುತ್ತಾರೆ.

ಒಬ್ಬರು ಒಮ್ಮೆ ‘ಸರಾಸರಿ’ ಆರಿಸಿದರೆ ಅದೇ ಸಂಭಾಷಣೆಯಲ್ಲಿ ಅದನ್ನೇ ಮುಂದುವರಿಸಿ, ಮತ್ತೆ ಕೇಳಬೇಡಿ. ಆದರೆ ಅದನ್ನು ಶಾಶ್ವತ ಮಾಡಬೇಡಿ. ಹೋದ ವಾರ ಬಜೆಟ್ ಲೆಕ್ಕಕ್ಕೆ ಸರಾಸರಿ ಬೇಕಿತ್ತು, ಈ ವಾರ ದೂರೊಂದನ್ನು ಪರಿಶೀಲಿಸಲು ‘ಎಲ್ಲರಿಗಿಂತ’ ಬೇಕಾಗಬಹುದು. ತುಂಬ ಜನ ಒಂದೇ ಆಯ್ಕೆ ಮಾಡುತ್ತಿದ್ದರೆ ಆಗ ಅದನ್ನು ಪದಕೋಶಕ್ಕೆ ಸೇರಿಸುವ ಬಗ್ಗೆ ಯೋಚಿಸಿ.

ಟೆಸ್ಟ್ ಮಾಡುವುದು

ಬೆಂಚ್‌ಮಾರ್ಕ್‌ನಲ್ಲಿ (ಸಿಸ್ಟಂಗಳನ್ನು ಅಳೆಯುವ ಸಿದ್ಧ ಪ್ರಶ್ನೆಗಳ ಸಂಗ್ರಹ) ಒಳ್ಳೆಯ ಅಂಕ ಬಂದಿದೆ ಅಂತ ಇದನ್ನು ಬಿಡಬೇಡಿ. 2018ರ ಸ್ಪೈಡರ್ ಸಂಗ್ರಹದಲ್ಲಿ 200 ಡೇಟಾಬೇಸ್‌ಗಳ ಮೇಲೆ 10,181 ಪ್ರಶ್ನೆಗಳಿವೆ, ಆದರೆ ಅಸ್ಪಷ್ಟ ಪ್ರಶ್ನೆಗಳು ಬರದ ಹಾಗೆ ನೋಡಿಕೊಂಡೇ ಅದನ್ನು ಮಾಡಿದ್ದಾರೆ. ನಿಮ್ಮ ಬಳಕೆದಾರರು ಹಾಗೆ ಬರೆಯುವುದಿಲ್ಲ. ಗೊಂದಲದ ಪ್ರಶ್ನೆಗಳಿಗೆಂದೇ 2024ರಲ್ಲಿ ಆಂಬ್ರೋಸಿಯಾ ಅನ್ನುವ ಸಂಗ್ರಹ ಬಂದಿದೆ, ಅದನ್ನು ನೋಡಿ. ಆದರೂ ನಿಮ್ಮ ಸ್ಕೀಮಾದ ಮೇಲೆ ನೀವೇ ಬರೆದ ಟೆಸ್ಟ್‌ಗೆ ಅದು ಬದಲಿ ಆಗುವುದಿಲ್ಲ.

ಟೆಸ್ಟ್ ಡೇಟಾ ಚಿಕ್ಕದಿರಲಿ, ಆದರೆ ಬೇಕೆಂದೇ ಹೊಂದಿಸಿದ್ದಿರಲಿ. ಪ್ರತಿ ಅರ್ಥಕ್ಕೂ ಬೇರೆ ಉತ್ತರ ಬರುವ ಹಾಗೆ ಸಾಲುಗಳನ್ನು ಇಡಿ. ಮೇಲಿನ 30, 42, 60 ಮತ್ತು 35, 45, 58, 65 ಹಾಗೇ ಮಾಡಿದ್ದು. ಒಂದೊಂದು ಸಂಖ್ಯೆಯೂ ಒಂದೊಂದು ಗೆರೆಯ ಆಚೆ ಈಚೆ ಬೀಳುತ್ತದೆ. ಆದರೂ ಅದರಲ್ಲಿ ಒಂದು ಕೊರತೆ ಇದೆ: ಮಧ್ಯದ ಸಂಬಳ 42, ಸರಾಸರಿ 44, ಎರಡರ ನಡುವೆ ಬೀಳುವವರು ಯಾರೂ ಇಲ್ಲ, ಹಾಗಾಗಿ ಮೀಡಿಯನ್ ಬಳಸಿದ ಕ್ವೆರಿಯೂ ಸರಾಸರಿಯ ಟೆಸ್ಟ್ ಪಾಸ್ ಆಗಿಬಿಡುತ್ತದೆ. ಬೇರೆ ವಿಭಾಗಕ್ಕೆ 43 ಇರುವ ಒಬ್ಬರನ್ನು ಸೇರಿಸಿದರೆ ಅದು ಪಾಸ್ ಆಗುವುದಿಲ್ಲ. ಗಡಿಯ ಮೇಲೆ ಸರಿಯಾಗಿ ಕೂತ 44 ಇರುವ ಇನ್ನೊಬ್ಬರನ್ನು, ಒಂದು ನಲ್ ಅನ್ನು, ಸಮ ಅಂಕದ ಇಬ್ಬರನ್ನು, ಯಾರೂ ಇಲ್ಲದ ಒಂದು ವಿಭಾಗವನ್ನು ಸೇರಿಸಿ.

ಉಳಿದ ಟೆಸ್ಟ್‌ಗಳು ನಿಮ್ಮ ಲಾಗ್‌ನಲ್ಲೇ ಸಿಗುತ್ತವೆ. ಉತ್ತರ ಬಂದ ಕೂಡಲೇ ಅದೇ ವ್ಯಕ್ತಿ “ಅಲ್ಲ, ಅವರವರ ಮ್ಯಾನೇಜರ್‌ಗಿಂತ”, “ಹಣದಲ್ಲಿ ಅಲ್ಲ, ಎಣಿಕೆಯಲ್ಲಿ” ಅಂತ ಮತ್ತೆ ಕೇಳಿದ ಜಾಗಗಳನ್ನು ಹುಡುಕಿ. ಮೊದಲ ಪ್ರಶ್ನೆ, ಅದಕ್ಕೆ ಸಿಸ್ಟಂ ತಗೊಂಡ ಅರ್ಥ, ತಿದ್ದಿದ ಪ್ರಶ್ನೆ ಈ ಮೂರನ್ನೂ ಒಟ್ಟಿಗೆ ಎತ್ತಿಟ್ಟರೆ ಒಂದು ಟೆಸ್ಟ್ ಆಯಿತು. ಅದರಲ್ಲಿ ನಿರೀಕ್ಷಿತ ಉತ್ತರವನ್ನು ಒಂದೇ ಎಸ್‌ಕ್ಯೂಎಲ್ ಆಗಿ ಬರೆಯಬೇಡಿ. ಒಪ್ಪಬಹುದಾದ ಅರ್ಥಗಳ ಪಟ್ಟಿಯನ್ನೂ, ಆ ಡೇಟಾದ ಮೇಲೆ ಸಿಸ್ಟಂ ಕೇಳಬೇಕಿತ್ತಾ ಅಥವಾ ನೇರ ಉತ್ತರ ಕೊಡಬೇಕಿತ್ತಾ ಅನ್ನುವುದನ್ನೂ ಬರೆಯಿರಿ. ಬೇಡದ ಕಡೆ ಕೇಳಿದರೂ ಟೆಸ್ಟ್ ಫೇಲ್ ಆಗಬೇಕು, ಕೇಳಬೇಕಾದ ಕಡೆ ಸುಮ್ಮನೆ ಉತ್ತರ ಕೊಟ್ಟರೂ ಫೇಲ್ ಆಗಬೇಕು.